ವೇಷದ ಪೆಟ್ಟಿಗೆಯ ಭಾರ, ಟೈರಿನ ಗಾಳಿ

ತುಳುನಾಡಿನಲ್ಲಿ ಆಟದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮುಂಬಯಿಯ ಕರಾವಳಿ ಕನ್ನಡಿಗರಿಗೆ ಯಕ್ಷಗಾನದ ಕಾಲ ಶುರು. ಮಳೆಯಲ್ಲಿ ಊರಲ್ಲಿ ಬಯಲಾಟ ನಡೆಯುವುದಿಲ್ಲ. ಇಲ್ಲಿ ಸಭಾಗೃಹಗಳಿವೆ, ಸಂಘಗಳಿವೆ, ಸೂರಿನಡಿ ಕೂತು ಆಟ ನೋಡುವ ಜನರಿದ್ದಾರೆ. ಹಾಗಾಗಿ ಜುಲೈ, ಆಗಸ್ಟ್ ಹೊತ್ತಿಗೆ ಕಲಾವಿದರ ತಂಡಗಳು ಬಂದು ಇವತ್ತು ಡೊಂಬಿವಲಿ, ನಾಳೆ ಮಾಟುಂಗಾ, ನಾಡಿದ್ದು ಪನ್ವೇಲ್, ಆಮೇಲೆ ಘಾಟಿ ಹತ್ತಿ ಪುಣೆ ಅಂತ ತಿರುಗುತ್ತವೆ. ಅವರನ್ನೂ ಅವರ ಪೆಟ್ಟಿಗೆಗಳನ್ನೂ ಹೊತ್ತು ತಿರುಗುವ ವ್ಯಾನುಗಳಲ್ಲಿ ಒಂದು ನನ್ನದು. ವಾರದ ದಿನಗಳಲ್ಲಿ ಅದು ಒಂದು ಕಂಪನಿಯ ನೌಕರರನ್ನು ಕರೆದೊಯ್ಯುತ್ತದೆ, ವಾರದ ಕೊನೆಗೆ ಕೌರವರನ್ನು.

ಡ್ರೈವರ್ ಸೇರಿ ಹದಿಮೂರು ಸೀಟಿನ ಗಾಡಿ. ಬೆಳಗ್ಗೆ ಮೊದಲ ಸ್ಟಾಪಿನಲ್ಲಿ ಒಬ್ಬರೇ ಹತ್ತುತ್ತಾರೆ, ಕಾರ್ಖಾನೆ ಮುಟ್ಟುವಾಗ ಎಲ್ಲ ಸೀಟೂ ತುಂಬಿರುತ್ತದೆ, ವಾಪಸು ಬರುವಾಗ ಖಾಲಿ. ಶನಿವಾರ ರಾತ್ರಿ ಹಿಮ್ಮೇಳ, ಮುಮ್ಮೇಳ, ಚೆಂಡೆ, ಮದ್ದಳೆ, ಕಿರೀಟದ ಪೆಟ್ಟಿಗೆ, ಬಣ್ಣದ ಪೆಟ್ಟಿಗೆ, ಜತೆಗೆ ಯಾರೋ ಅಭಿಮಾನಿ ಕೊಟ್ಟ ಅಕ್ಕಿಮೂಟೆ. ಕಾರು ಇಟ್ಟುಕೊಂಡವರಿಗೆ ಈ ಏರಿಳಿತ ಅಷ್ಟು ಇರುವುದಿಲ್ಲ. ಕಾರು ಖಾಲಿ ಇದ್ದರೂ ತುಂಬಿದರೂ ಮುನ್ನೂರು ನಾನೂರು ಕಿಲೋ ವ್ಯತ್ಯಾಸ. ವ್ಯಾನಿನಲ್ಲಿ ಒಂದು ಟನ್ನು ಸಲೀಸಾಗಿ ಹೆಚ್ಚು ಕಡಿಮೆಯಾಗುತ್ತದೆ, ಅದರಲ್ಲೂ ಹೆಚ್ಚುಪಾಲು ಹಿಂದಿನ ಎರಡು ಚಕ್ರಗಳ ಮೇಲೆ ಬಂದು ಕೂರುತ್ತದೆ. ಹೀಗಿದ್ದೂ ವ್ಯಾನಿನವರು ಗಾಳಿ ಹಾಕಿಸುವುದು ಕಾರಿನವರ ಹಾಗೇ. ಪೆಟ್ರೋಲ್ ಪಂಪಿನ ಹುಡುಗ ‘ಕಿತನಾ’ ಅಂತ ಕೇಳುತ್ತಾನೆ, ಇವರು ‘ಪೈಂತೀಸ್’ ಅನ್ನುತ್ತಾರೆ. ಯಾಕೆ ಮೂವತ್ತೈದು? ಯಾರೋ ಯಾವಾಗಲೋ ಹೇಳಿದ್ದು.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ವೇ ಹತ್ತುವವರ ನಡುವೆ ಗಟ್ಟಿಯಾಗಿ ಬೇರೂರಿದ ಒಂದು ನಂಬಿಕೆ. ನಮ್ಮ ಡ್ರೈವರ್ ವಿಜಯಪುರ ಜಿಲ್ಲೆಯವನು, ಗಾಡಿ ಓಡಿಸುವುದರಲ್ಲಿ ನನಗಿಂತ ನೂರು ಪಾಲು ಮೇಲು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಕ್ಸ್‌ಪ್ರೆಸ್ ವೇ ಶುರುವಾಗುವ ಕಳಂಬೋಲಿ ದಾಟುವ ಮೊದಲು ಗಾಡಿ ನಿಲ್ಲಿಸಿ ಇಳಿದ. ಯಾಕಪ್ಪಾ ಅಂದರೆ, “ಸಾಹೇಬ್ರ, ಹವಾ ಸ್ವಲ್ಪ ಬಿಡತೀನ್ರಿ. ಮುಂದ ಕಾಂಕ್ರೀಟ್ ರಸ್ತೆ ಐತಿ, ಬಿಸಿಗೆ ತಾನ ಉಬ್ಬತೈತಿ. ತುಂಬಿಸಿಟ್ರ ಫಾಟ್ ಅಂತ ಹೊಡಿತದ” ಅಂದ. ಅವನೊಬ್ಬನದೇ ಮಾತಲ್ಲ ಇದು. ಖಾಲಾಪುರದ ಫುಡ್ ಮಾಲ್ ಮುಂದೆ ಚಹಾ ಕುಡಿಯುತ್ತಾ ನಿಂತ ಹತ್ತು ಡ್ರೈವರುಗಳನ್ನು ಕೇಳಿ, ಐದಾರು ಜನ ಇದನ್ನೇ ಹೇಳುತ್ತಾರೆ. ಕೇಳಲಿಕ್ಕೆ ಎಷ್ಟು ಸರಿ ಅನಿಸುತ್ತದೆ ನೋಡಿ: ಬಿಸಿಗೆ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ಒಡೆಯುತ್ತದೆ, ಆದ್ದರಿಂದ ಮೊದಲೇ ತೆಗೆದುಬಿಡು.

ಮೊದಲ ಭಾಗ ನಿಜ. ಬೆಳಗಿನ ಜಾವ 25 ಡಿಗ್ರಿಯಲ್ಲಿ 35 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ತೋರಿಸಿದ ಟೈರಿನ ಒಳಗಿನ ಗಾಳಿ ಓಡಿ ಓಡಿ 55 ಡಿಗ್ರಿಗೆ ಏರಿದರೆ ಮೀಟರು 40ರ ಹತ್ತಿರ ತೋರಿಸುತ್ತದೆ. ಐದು ಹೆಚ್ಚಾಯಿತು. ಆದರೆ ಒಳ್ಳೆಯ ಸ್ಥಿತಿಯಲ್ಲಿರುವ ಟೈರಿಗೆ ಈ ಐದು ಲೆಕ್ಕಕ್ಕೇ ಇಲ್ಲ. ಟೈರಿನ ಮೈಮೇಲೆ ಬರೆದ ಗರಿಷ್ಠ ಒತ್ತಡ ಕೂಡ ತಣ್ಣಗಿರುವಾಗಿನದು, ಬಿಸಿಗೆ ಏರುವ ಪಾಲನ್ನು ಗಣನೆಗೆ ತೆಗೆದುಕೊಂಡೇ ಅದನ್ನು ತಯಾರಿಸಿರುತ್ತಾರೆ. ಟೈರನ್ನು ಕೊಲ್ಲುವ ಬಿಸಿ ಹೊರಗಿನ ಕಾಂಕ್ರೀಟಿನಿಂದ ಬರುವುದಕ್ಕಿಂತ ಹೆಚ್ಚಾಗಿ ಅದರ ಒಳಗೇ ಹುಟ್ಟುತ್ತದೆ. ನೆಲ ಮುಟ್ಟಿದ ಕಡೆ ಟೈರಿನ ಪಕ್ಕೆ ಮಡಚುತ್ತದೆ, ನೆಲ ಬಿಟ್ಟೊಡನೆ ನೆಟ್ಟಗಾಗುತ್ತದೆ. ರಬ್ಬರು ಮಡಚುವಾಗ ತೆಗೆದುಕೊಂಡ ಶಕ್ತಿಯನ್ನು ಪೂರ್ತಿ ವಾಪಸು ಕೊಡುವುದಿಲ್ಲ, ಒಂದಷ್ಟು ಶಾಖವಾಗಿ ಉಳಿದುಬಿಡುತ್ತದೆ. ನನ್ನ ಗಾಡಿಯ ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಎಕ್ಸ್‌ಪ್ರೆಸ್ ವೇಯ ಉದ್ದ 94.5 ಕಿಲೋಮೀಟರ್. ಅಂದರೆ ಕಳಂಬೋಲಿಯಿಂದ ಪುಣೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಟೈರಿನ ಒಂದೊಂದು ಅಂಗುಲವೂ 45 ಸಾವಿರ ಸಲ ಮಡಚಿ ಬಿಚ್ಚುತ್ತದೆ. ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿದರೆ ಬೆರಳಿಗೆ ಬಿಸಿ ತಾಗುತ್ತದಲ್ಲ, ಅದೇ.

ಗಾಳಿ ಕಡಿಮೆ ಇದ್ದಷ್ಟೂ ಮಡಿಕೆ ಆಳ. ಮಡಿಕೆ ಆಳವಾದಷ್ಟೂ ಶಾಖ ಜಾಸ್ತಿ. ಶಾಖ ಏರಿದರೆ ರಬ್ಬರಿಗೂ ಒಳಗಿನ ನೂಲು, ಉಕ್ಕಿನ ಪಟ್ಟಿಗಳಿಗೂ ಇರುವ ಅಂಟು ಸಡಿಲವಾಗುತ್ತದೆ. ಮೊದಲು ಒಳಗೇ ಪದರ ಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದು ಕ್ಷಣದಲ್ಲಿ ನೆಲ ಮುಟ್ಟುವ ತಲೆ ಭಾಗ ಸಿಪ್ಪೆಯ ಹಾಗೆ ಎದ್ದು ಹೋಗುತ್ತದೆ, ಇಲ್ಲವೇ ಪಕ್ಕೆ ಸೀಳುತ್ತದೆ. ಹೆದ್ದಾರಿಯ ಬದಿಯಲ್ಲಿ ಉದ್ದುದ್ದಕ್ಕೆ ಬಿದ್ದಿರುವ ಕಪ್ಪು ರಬ್ಬರ್ ತುಂಡುಗಳಿವೆಯಲ್ಲ, ಅವುಗಳಲ್ಲಿ ಬಹಳಷ್ಟರ ಕತೆ ಇದೇ. ಅಂದರೆ ಒಡೆಯಬಾರದು ಅಂತ ಗಾಳಿ ಬಿಟ್ಟವನು ಒಡೆಯುವುದಕ್ಕೆ ಬೇಕಾದ್ದನ್ನೇ ಮಾಡಿದ ಹಾಗಾಯಿತು.

ನಮ್ಮ ಡ್ರೈವರಿಗೆ ಇದನ್ನೆಲ್ಲ ಹೇಳಿದಾಗ ಅವನು ಗೌರವದಿಂದ ಕೇಳಿಸಿಕೊಂಡ, ಒಪ್ಪಲಿಲ್ಲ. ಒಪ್ಪಿಸಿದ್ದು ಬೇರೆ ಉಪಾಯ. ಹಿಂದಿನ ಎಡ ಟೈರಿನಲ್ಲಿ ಸಣ್ಣ ಮೊಳೆ ಸಿಕ್ಕಿಕೊಂಡು ಮೆಲ್ಲಗೆ ಗಾಳಿ ಹೋಗುತ್ತಿದ್ದ ಒಂದು ದಿನ ಲೋಣಾವಳದಲ್ಲಿ ನಿಂತಾಗ ಎರಡೂ ಟೈರು ಮುಟ್ಟಿ ನೋಡು ಅಂದೆ. ಗಾಳಿ ಸರಿ ಇದ್ದ ಬಲಗಡೆಯದು ಬೆಚ್ಚಗಿತ್ತು. ಕಡಿಮೆ ಇದ್ದ ಎಡಗಡೆಯದರ ಪಕ್ಕೆಯ ಮೇಲೆ ಅಂಗೈ ಇಡಲಿಕ್ಕೆ ಆಗಲಿಲ್ಲ. “ಅರೆ, ಇದ ಉಲ್ಟಾ ಐತಲ್ರಿ” ಅಂದ. ಆ ದಿನದಿಂದ ಗಾಳಿ ಬಿಡುವುದು ನಿಂತಿತು. ಈಗ ಬೇರೆ ಡ್ರೈವರುಗಳಿಗೆ ಅವನೇ ಪಾಠ ಹೇಳುತ್ತಾನೆ, ನಾನು ಹೇಳಿದ್ದಕ್ಕಿಂತ ಚೆನ್ನಾಗಿ.

ಹಾಗಾದರೆ ಎಷ್ಟು ಹಾಕಬೇಕು? ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೋ ಬಾಗಿಲ ಅಂಚಿನ ಮೇಲೋ ಒಂದು ಪಟ್ಟಿ ಇರುತ್ತದೆ. ಮುಂದೆ ಎಷ್ಟು, ಹಿಂದೆ ಎಷ್ಟು, ಖಾಲಿಗೆ ಎಷ್ಟು, ಪೂರ್ತಿ ಹೊರೆಗೆ ಎಷ್ಟು ಅಂತ. ಹಳೆಯ ಗಾಡಿಗಳಲ್ಲಿ ಅದು ಬಿಸಿಲಿಗೆ ಬಿಳುಚಿ ಓದಲಿಕ್ಕೆ ಬರುವುದಿಲ್ಲ, ಆಗ ಗಾಡಿಯ ಜತೆ ಬಂದ ಪುಸ್ತಕ ಹುಡುಕಬೇಕು. ನನ್ನದರಲ್ಲಿ ಮುಂದೆ 45, ಹಿಂದೆ ಪೂರ್ತಿ ಹೊರೆಗೆ 60. ನಿಮ್ಮ ಗಾಡಿಯದು ಬೇರೆ ಇರುತ್ತದೆ, ಓಮ್ನಿ, ಈಕೋದಂಥ ಚಿಕ್ಕ ವ್ಯಾನಿನದು ಇದಕ್ಕಿಂತ ಎಷ್ಟೋ ಕಡಿಮೆ, ನನ್ನ ಅಂಕಿ ನೋಡಿ ಹಾಕಿಸಿಕೊಳ್ಳಬೇಡಿ. ಟೈರಿನ ಪಕ್ಕೆಯ ಮೇಲಿನ ಅಂಕಿ ನೋಡಿ ಹಾಕಿಸುವವರೂ ಇದ್ದಾರೆ. ಅದು ಆ ಟೈರು ತಾಳುವ ಮಿತಿ, ನಿಮ್ಮ ಗಾಡಿಗೆ ಬೇಕಾದದ್ದಲ್ಲ. ಅದೇ ಟೈರು ನಾಲ್ಕು ಬೇರೆ ಬೇರೆ ಗಾಡಿಗಳಿಗೆ ಹೋಗಬಹುದು.

ಪಟ್ಟಿ ನೋಡಿದರೆ ಸಾಕು ಅಂದುಕೊಂಡಿದ್ದ ನನಗೆ ಇನ್ನೊಂದು ಕುತೂಹಲ ಹುಟ್ಟಿತು. ನನ್ನ ‘ಪೂರ್ತಿ ಹೊರೆ’ ನಿಜವಾಗಿ ಎಷ್ಟು? ಆಟದ ರಾತ್ರಿ ಕಲಾವಿದರನ್ನೆಲ್ಲ ಕೂರಿಸಿಕೊಂಡು, ಪೆಟ್ಟಿಗೆ ತುಂಬಿಸಿ, ಕಳಂಬೋಲಿಯ ಸ್ಟೀಲ್ ಮಾರ್ಕೆಟ್ ಕಡೆಯ ಒಂದು ಕಾಟಾಕ್ಕೆ ಗಾಡಿ ತಿರುಗಿಸಿದೆ. ಲಾರಿಗಳನ್ನು ತೂಗುವ ಜಾಗ ಅದು. ನಡುರಾತ್ರಿ ವ್ಯಾನು ಬಂದದ್ದೇ ಕಾಟಾದವನಿಗೆ ತಮಾಷೆ. ಮೊದಲು ಮುಂದಿನ ಚಕ್ರ ಮಾತ್ರ ಹಲಗೆಯ ಮೇಲೆ, ಆಮೇಲೆ ಇಡೀ ಗಾಡಿ, ಕೊನೆಗೆ ಹಿಂದಿನ ಚಕ್ರ ಮಾತ್ರ. “ನಮ್ಮನ್ನು ತೂಗಿ ಸಂಬಳ ಕೊಡುವುದೋ ಹೇಗೆ ಮಾರಾಯ್ರೆ?” ಅಂತ ಭಾಗವತರು ಒಳಗಿಂದಲೇ ಕೇಳಿದರು. ಒಟ್ಟು 2,940 ಕಿಲೋ. ಮುಂದಿನ ಆಕ್ಸಲ್ 1,180, ಹಿಂದಿನದು 1,760. ಅಂದರೆ ಹಿಂದಿನ ಒಂದೊಂದು ಟೈರಿನ ಮೇಲೆ 880 ಕಿಲೋ.

ಈ ಒಂದು ಅಂಕಿ ಕೈಗೆ ಸಿಕ್ಕಿದ ಮೇಲೆ ಟೈರ್ ಆರಿಸುವ ಕೆಲಸವೇ ಬದಲಾಯಿತು. ನಮ್ಮ ಜನರಲ್ಲಿ ಟೈರ್ ಮಾತು ಅಂದರೆ ಬ್ರಾಂಡಿನ ಮಾತು. ಮೈಸೂರು ಕಡೆಯ ಹಳಬರು ಇನ್ನೂ ವಿಕ್ರಾಂತ್ ಹೆಸರು ಹೇಳಿ ನಿಟ್ಟುಸಿರು ಬಿಡುತ್ತಾರೆ. 1997ರಲ್ಲಿ ಅದು ಜೆಕೆ ಟೈರ್ ತೆಕ್ಕೆಗೆ ಹೋಯಿತು. ಭಾಂಡುಪಿನಲ್ಲಿ ಕಾರ್ಖಾನೆ ಇರುವ ಸಿಯೆಟ್ ನಮ್ಮ ಮುಂಬಯಿಯದೇ ಅನ್ನುವ ಅಭಿಮಾನ ಕೆಲವರಿಗೆ. ಅದರ ಹುಟ್ಟು ಇಟಲಿಯ ತೋರಿನೋದಲ್ಲಿ, 1924ರಲ್ಲಿ. ಗೋವಾದವರಿಗೆ ಫೋಂಡಾ ಹತ್ತಿರದ ಉಸ್ಗಾಂವ್ ಕಾರ್ಖಾನೆಯ ಕಾರಣಕ್ಕೆ ಎಂಆರ್‌ಎಫ್ ಮನೆಯದು, ಪುಣೆಯವರಿಗೆ ಚಾಕಣದ ಬ್ರಿಜ್‌ಸ್ಟೋನ್. ಈ ಜಗಳದಲ್ಲಿ ನನಗೆ ಪಕ್ಷವಿಲ್ಲ. ಹೆಸರಾಂತ ಯಾವ ಕಂಪನಿಯದಾದರೂ ಸರಿ, ಪಕ್ಕೆಯ ಮೇಲಿನ ಅಕ್ಷರ, ಅಂಕಿ ಹೊಂದಬೇಕು.

ನನ್ನ ಗಾಡಿಗೆ ಬೇಕಾದದ್ದು 195 ಆರ್15 ಎಲ್‌ಟಿ, 8ಪಿಆರ್, 106/104. ಇದರಲ್ಲಿ ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಆರ್ ಅಂದರೆ ರೇಡಿಯಲ್, 15 ರಿಮ್ಮಿನ ಇಂಚು. ಎಲ್‌ಟಿ ಅಂದರೆ ಹಗುರ ಸರಕು ವಾಹನದ ಟೈರು. ಯುರೋಪಿನ ಗಾಡಿಗಳ ಟೈರಿನಲ್ಲಿ ಇದೇ ಜಾಗಕ್ಕೆ ಸಿ ಅಂತ ಬರುತ್ತದೆ. 8ಪಿಆರ್ ನೋಡಿ ಒಳಗೆ ಎಂಟು ಪದರ ಇದೆ ಅಂತ ಅಂಗಡಿಯವರೂ ಹೇಳುತ್ತಾರೆ, ಹಾಗಿಲ್ಲ. ಹಿಂದೆ ಹತ್ತಿಯ ನೂಲಿನ ಪದರ ಹಾಕುತ್ತಿದ್ದ ಕಾಲದಲ್ಲಿ ಎಂಟು ಪದರಕ್ಕೆ ಇದ್ದ ಬಲ ಇದಕ್ಕಿದೆ ಅಂತ ಅರ್ಥ, ಈಗ ಪದರ ಕಡಿಮೆ, ನೂಲು ಗಟ್ಟಿ. ಕೊನೆಯ 106 ಇದೆಯಲ್ಲ, ನಮಗೆ ಮುಖ್ಯವಾದದ್ದು ಅದು. ಹೊರೆಯ ಸೂಚ್ಯಂಕ. 106 ಅಂದರೆ ಒಂದು ಟೈರು 950 ಕಿಲೋ ಹೊರಬಹುದು. 104 ಹಿಂದೆ ಜೋಡಿ ಚಕ್ರ ಇರುವ ಗಾಡಿಗೆ, ಆಗ ಒಂದೊಂದರ ಪಾಲು 900. ನನ್ನ 880ಕ್ಕೆ 950 ಸಾಕು, ಆದರೆ ಉಳಿದದ್ದು ಬರೀ 70 ಕಿಲೋ. ಪೆಟ್ಟಿಗೆಗಳನ್ನೆಲ್ಲ ಎಡಗಡೆಗೇ ಪೇರಿಸಿದರೆ ಆ 70 ಹೋಯಿತು.

ಆ 950 ಕೂಡ ಬೇಷರತ್ತಾಗಿ ಸಿಗುವುದಲ್ಲ. ಅದು 65 ಪಿಎಸ್ಐ ಒತ್ತಡದಲ್ಲಿ ಮಾತ್ರ, ಪಕ್ಕೆಯ ಮೇಲೆ ಸಣ್ಣ ಅಕ್ಷರದಲ್ಲಿ ಹಾಗಂತ ಅಚ್ಚೊತ್ತಿರುತ್ತದೆ. ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಟೈರು ಆ ಗಾಳಿಯನ್ನು ಹಿಡಿದಿಡುತ್ತದೆ ಅಷ್ಟೆ. ಒತ್ತಡ ಇಳಿದರೆ ಹೊರುವ ಶಕ್ತಿಯೂ ಇಳಿಯುತ್ತದೆ. 65ರಲ್ಲಿ 950 ಹೊರುವ ಟೈರು 60ರಲ್ಲಿ 890ರ ಆಸುಪಾಸು, 40ರಲ್ಲಿ 650ರ ಆಸುಪಾಸು. ಈಗ ಆ ‘ಪೈಂತೀಸ್’ ನೆನಪಿಸಿಕೊಳ್ಳಿ. ಬೇರೇನೂ ತಪ್ಪು ಮಾಡದೆ, ಹೊಸ ಟೈರು, ಒಳ್ಳೆಯ ಬ್ರಾಂಡು, ಎಲ್ಲ ಇದ್ದೂ 35 ಹಾಕಿಕೊಂಡು ಹದಿಮೂರು ಜನರನ್ನು ಕೂರಿಸಿದರೆ ಹಿಂದಿನ ಟೈರಿನ ಮೇಲೆ ಅದು ಹೊರಬಹುದಾದ ಭಾರಕ್ಕಿಂತ ಇನ್ನೂರೈವತ್ತು, ಮುನ್ನೂರು ಕಿಲೋ ಹೆಚ್ಚು ಹೇರಿದ ಹಾಗೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಎಲ್‌ಟಿ ಟೈರಿನ ಪಕ್ಕೆ ದಪ್ಪ, ಗಾಳಿ ಇಳಿದರೂ ಅಷ್ಟು ಚಪ್ಪಟೆಯಾಗುವುದಿಲ್ಲ. ಹಾಗಾಗಿ ಟೈರಿಗೆ ಒದ್ದು ನೋಡಿ ‘ಠೀಕ್ ಹೈ’ ಅನ್ನುವ ವಿದ್ಯೆ ವ್ಯಾನಿನಲ್ಲಂತೂ ಪೂರಾ ನಿರುಪಯೋಗಿ.

ಒಂದು ಅಂಗಡಿಯವನು ನನಗೆ ಕಾರಿನ ಟೈರು ಮಾರಲು ನೋಡಿದ. ರಿಮ್ಮು 15, ಅಗಲ 195, “ಎಲ್ಲ ಒಂದೇ, ಇದು ಮೆತ್ತಗೆ ಓಡುತ್ತದೆ, ರೇಟೂ ಕಮ್ಮಿ” ಅಂದ. ತಿರುಗಿಸಿ ನೋಡಿದರೆ 195/65 ಆರ್15, 91ಎಚ್. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ಓಡುವ ಯೋಗ್ಯತೆ. 91 ಅಂದರೆ ಹೊರುವುದು 615 ಕಿಲೋ. ನನ್ನ ಗಾಡಿ ಜನ್ಮದಲ್ಲಿ 210 ಓಡುವುದಿಲ್ಲ, ಆದರೆ ಪ್ರತಿ ಶನಿವಾರ 880 ಹೊರುತ್ತದೆ. ಗಾಳಿ ಹೆಚ್ಚು ತುಂಬಿ ಸರಿದೂಗಿಸೋಣ ಅಂದರೆ ಅದೂ ಆಗದು. ಸಾಮಾನ್ಯ ಕಾರಿನ ಟೈರಿನ ಹೊರುವ ಶಕ್ತಿ 36 ಪಿಎಸ್ಐ ಹತ್ತಿರಕ್ಕೇ ತನ್ನ ತುದಿ ಮುಟ್ಟಿರುತ್ತದೆ, ಅದರ ಮೇಲೆ ಎಷ್ಟು ಹಾಕಿದರೂ ಒಂದು ಕಿಲೋ ಹೆಚ್ಚು ಹೊರುವುದಿಲ್ಲ. ಎತ್ತರವೂ ಆರು ಸೆಂಟಿಮೀಟರಿನಷ್ಟು ಕಡಿಮೆ, ಸ್ಪೀಡೋಮೀಟರು ಸುಳ್ಳು ಹೇಳಲು ಶುರು ಮಾಡುತ್ತದೆ. ಆ ಅಂಗಡಿಯವನು ಮೋಸಗಾರನಲ್ಲ ಅಂತಲೇ ನನ್ನ ಅನಿಸಿಕೆ, ಅವನಿಗೂ ಗೊತ್ತಿರಲಿಲ್ಲ. ಆದರೆ ಸ್ಕೂಲ್ ವ್ಯಾನುಗಳಿಗೆ ಇಂಥದ್ದು ಎಷ್ಟು ಹೋಗಿರಬಹುದು ಅಂತ ಯೋಚನೆಯಾಗುತ್ತದೆ.

ರೀಸೋಲ್ ಟೈರಿನ, ಅಂದರೆ ಸವೆದ ಟೈರಿಗೆ ಹೊಸ ತಲೆಭಾಗ ಕೂರಿಸಿದ್ದರ, ಬಗ್ಗೆ ಕೇಳುತ್ತಾರೆ. ಲಾರಿ, ಬಸ್ಸುಗಳಲ್ಲಿ ಒಳ್ಳೆಯ ಕಂಪನಿಯಲ್ಲಿ ಮಾಡಿಸಿದ್ದು ಚೆನ್ನಾಗಿಯೇ ನಡೆಯುತ್ತದೆ. ಚಿಕ್ಕ ವ್ಯಾನಿಗೆ ಬೀದಿಬದಿಯ ರಿಮೋಲ್ಡ್ ಹಾಕಿಸುವುದು ಬೇಡ, ಅಷ್ಟೇ.

ಅಮೆರಿಕದಲ್ಲಿ ಹದಿನೈದು ಸೀಟಿನ ವ್ಯಾನುಗಳ ಬಗ್ಗೆ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 2001ರಿಂದಲೇ ಎಚ್ಚರಿಸುತ್ತ ಬಂದಿದೆ. ಹತ್ತಕ್ಕೂ ಹೆಚ್ಚು ಜನ ಕೂತಾಗ ಇವು ಮಗುಚುವ ಸಂಭವ, ಕಡಿಮೆ ಜನ ಇದ್ದಾಗಿನದಕ್ಕಿಂತ ಮೂರು ಪಟ್ಟಿನ ಹತ್ತಿರ. ಅದೇ ಸಂಸ್ಥೆ ತಪಾಸಣೆ ಮಾಡಿದಾಗ ಅಂಥ ವ್ಯಾನುಗಳಲ್ಲಿ ಶೇಕಡಾ 74ರಲ್ಲಿ ಗಾಳಿ ಗಣನೀಯವಾಗಿ ತಪ್ಪಿತ್ತು, ಕಾರುಗಳಲ್ಲಿ ಶೇಕಡಾ 39. ದೇವಸ್ಥಾನ, ಚರ್ಚು, ಕಾಲೇಜು ಅಂತ ಸಂಘ ಸಂಸ್ಥೆಗಳ ಗಾಡಿಗಳೇ ಇವು ಹೆಚ್ಚಾಗಿ. ಎಲ್ಲರದೂ ಆದ ಗಾಡಿ ಯಾರದೂ ಅಲ್ಲ, ಗಾಳಿ ಯಾರು ನೋಡುತ್ತಾರೆ? ನಮ್ಮ ಸಂಘಗಳ ಗಾಡಿಗಳೂ ಇದಕ್ಕೆ ಹೊರತಲ್ಲ. 2000ದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಲ್ಲಿ ಫೈರ್‌ಸ್ಟೋನ್ ಟೈರುಗಳ ತಲೆಭಾಗ ಕಿತ್ತುಹೋಗಿ ದೊಡ್ಡ ಹಗರಣವಾಗಿ, ಸುಮಾರು 65 ಲಕ್ಷ ಟೈರು ವಾಪಸು ಕರೆಸಿದರು. ಟೈರಿನ ತಯಾರಿಕೆಯ ದೋಷದ ಜತೆಗೆ ಅಲ್ಲಿ ಎದ್ದ ಇನ್ನೊಂದು ಪ್ರಶ್ನೆ, ಗಾಡಿಯವರು ಶಿಫಾರಸು ಮಾಡಿದ 26 ಪಿಎಸ್ಐ ತೀರ ಕಡಿಮೆಯಾಯಿತೇ ಅನ್ನುವುದು. ಹೊಸ ಗಾಡಿಗಳಲ್ಲಿ ಗಾಳಿ ಇಳಿದರೆ ದೀಪ ಹತ್ತುವ ವ್ಯವಸ್ಥೆ ಅಲ್ಲಿ ಕಡ್ಡಾಯವಾದದ್ದು ಇದರ ಬೆನ್ನಿಗೇ. ನಮ್ಮಲ್ಲಿ ಮುಂಬಯಿ–ನಾಗಪುರದ ಸಮೃದ್ಧಿ ಮಹಾಮಾರ್ಗದಲ್ಲಿ ಟೈರು ಸಿಡಿದ ಅಪಘಾತಗಳಾದ ಮೇಲೆ ಗಾಡಿಗಳನ್ನು ನಿಲ್ಲಿಸಿ ಟೈರು ನೋಡುವುದು ಶುರುವಾಯಿತು. ನೋಡುವುದು ಸವೆತವನ್ನು. ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ.

ಮಳೆಯ ವಿಷಯಕ್ಕೆ ಬರುತ್ತೇನೆ, ನಮ್ಮ ತಿರುಗಾಟವೆಲ್ಲ ಮಳೆಯಲ್ಲೇ. ಜುಲೈಯಲ್ಲಿ ಖೋಪೋಲಿಯಿಂದ ಮೇಲೆ ಮಳೆ ಹೊಯ್ಯುವಾಗ ಕಾಂಕ್ರೀಟಿನ ಮೇಲೆ ನೀರಿನ ಹಾಳೆ ನಿಂತಿರುತ್ತದೆ. ಟೈರಿನ ಗೀರುಗಳು ನೀರನ್ನು ಬದಿಗೆ ತಳ್ಳಬೇಕು, ವೇಗ ಹೆಚ್ಚಾದರೆ ತಳ್ಳಲು ಪುರಸೊತ್ತಾಗದೆ ಟೈರು ನೀರಿನ ಮೇಲೇರಿ ತೇಲುತ್ತದೆ. ಆಗ ಸ್ಟೇರಿಂಗ್ ಬೆಣ್ಣೆಯಲ್ಲಿ ತಿರುಗಿಸಿದ ಹಾಗೆ ಹಗುರ. 1960ರ ದಶಕದಲ್ಲಿ ನಾಸಾದವರು ವಿಮಾನದ ಚಕ್ರಗಳನ್ನು ಪರೀಕ್ಷಿಸಿ ಒಂದು ಸೂತ್ರ ಕೊಟ್ಟರು: ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ತೇಲಲು ಶುರುವಾಗುವ ವೇಗ ನಾಟಿನಲ್ಲಿ (ವಿಮಾನ, ಹಡಗಿನವರ ವೇಗದ ಅಳತೆ) ಬರುತ್ತದೆ. ಗಂಟೆಗೆ ಇಷ್ಟು ಕಿಲೋಮೀಟರ್ ಅಂತ ತಿರುಗಿಸಿದರೆ 36 ಪಿಎಸ್ಐಗೆ ಸುಮಾರು 100, 25ಕ್ಕೆ ಇಳಿದರೆ 83. ರಸ್ತೆಯ ಟೈರಿಗೆ ಇದನ್ನು ಹಾಗೇ ಹಚ್ಚಲಾಗದು, ಅಗಲ, ಗೀರಿನ ಆಳ, ನೀರಿನ ಆಳ ಎಲ್ಲ ಸೇರಿ ಅದಕ್ಕೂ ಮೊದಲೇ ತೇಲಬಹುದು. ಆದರೆ ದಿಕ್ಕು ಸ್ಪಷ್ಟ. ಮಳೆಯಲ್ಲಿ ಹಿಡಿತ ಬರಲಿ ಅಂತ ಗಾಳಿ ಇಳಿಸುವವರು ಬೇಗ ತೇಲುತ್ತಾರೆ. ಮರಳಿಗೋ ಕೆಸರಿಗೋ ಸಿಕ್ಕಿಬಿದ್ದಾಗ ನಡೆಯುವ ಉಪಾಯ ಹೆದ್ದಾರಿಯಲ್ಲಿ ನಡೆಯುವುದಿಲ್ಲ.

ಕಾನೂನಿನ ಪ್ರಕಾರ ಗೀರಿನ ಆಳ 1.6 ಮಿಲಿಮೀಟರ್ ಇದ್ದರೆ ಸಾಕು. ಗೀರುಗಳ ತಳದಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬಗಳಿವೆ, ಟೈರು ಸವೆದು ಅವುಗಳ ಮಟ್ಟಕ್ಕೆ ಬಂದರೆ 1.6 ಆಯಿತು ಅಂತ. ಇಲ್ಲಿಯ ಮಳೆಗೆ ಅದು ಸಾಲದು ಅನ್ನುವುದು ನನ್ನ ಹಟ. ಮಳೆಗಾಲಕ್ಕೆ ಮೂರು ಮಿಲಿಮೀಟರಿಗಿಂತ ಕೆಳಗಿನದನ್ನು ನಾನು ಇಟ್ಟುಕೊಳ್ಳುವುದಿಲ್ಲ. ಮೇ ತಿಂಗಳಲ್ಲೇ ತೆಗೆಸುತ್ತೇನೆ, ಖರ್ಚು ಹೇಗೂ ಆಗುವುದೇ. ಎರಡೇ ಹೊಸ ಟೈರು ಕೊಂಡರೆ ಅವು ಹಿಂದಕ್ಕೆ. ಸ್ಟೇರಿಂಗ್ ಮುಂದಿದೆ, ಹೊಸತು ಮುಂದಕ್ಕೇ ಹಾಕಬೇಕು ಅಂತ ಎಲ್ಲರೂ ವಾದಿಸುತ್ತಾರೆ. ಮುಂದಿನ ಚಕ್ರ ನೀರಿನಲ್ಲಿ ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ಕಾಲು ತೆಗೆದರೆ ಹಿಡಿತ ಮರಳುತ್ತದೆ. ಹಿಂದಿನದು ಜಾರಿದರೆ ಬಾಲ ತಿರುಗಿ ಗಾಡಿ ಅಡ್ಡವಾಗುತ್ತದೆ, ಆ ಮೇಲೆ ಯಾವ ಡ್ರೈವರೂ ಏನೂ ಮಾಡಲಾರ. ಪಟ್ಟಿಯಲ್ಲಿ ಎರಡೂ ಕಡೆ ಒಂದೇ ಅಳತೆಯ ಟೈರು ಇರುವ ಗಾಡಿಗೆ ಈ ಮಾತು.

ಮುಂಬಯಿಯ ಮಳೆಗಾಲದ ಇನ್ನೊಂದು ಕೊಡುಗೆ ನೀರು ತುಂಬಿದ ಹೊಂಡ. ಶೀಳ್ ಫಾಟಾ ಕಡೆ ಅದು ಎಷ್ಟು ಆಳ ಅಂತ ಚಕ್ರ ಇಳಿದ ಮೇಲೆಯೇ ಗೊತ್ತಾಗುವುದು. ಅಂಥದ್ದಕ್ಕೆ ಬಿದ್ದ ಮೇಲೆ ಟೈರಿನ ಪಕ್ಕೆಯಲ್ಲಿ ಮೊಟ್ಟೆಯಷ್ಟು ಉಬ್ಬು ಬಂದರೆ ಒಳಗೆ ನೂಲು ತುಂಡಾಗಿದೆ ಅಂತಲೇ ಅರ್ಥ. ಗಾಳಿ ಹೋಗುತ್ತಿಲ್ಲ, ಓಡುತ್ತಿದೆ, ಇರಲಿ ಅನ್ನುವ ಹಾಗಿಲ್ಲ, ಬಿಸಾಡಬೇಕು. ಪಕ್ಕೆಯ ಪಂಕ್ಚರ್ ಕೂಡ ರಿಪೇರಿ ಆಗುವ ಜಾತಿಯದಲ್ಲ. ತಲೆಭಾಗದಲ್ಲಿ ಮೊಳೆ ಚುಚ್ಚಿದ್ದಕ್ಕೆ ಹೊರಗಿನಿಂದ ದಾರ ತುರುಕುವುದು ಅಂಗಡಿ ಮುಟ್ಟುವವರೆಗಿನ ಉಪಶಮನ. ಹೆಚ್ಚು ಒತ್ತಡದ ವ್ಯಾನ್ ಟೈರನ್ನು ಬಿಚ್ಚಿಸಿ, ಒಳಗಿನಿಂದ ಅಣಬೆಯ ಆಕಾರದ ಪ್ಯಾಚು ಹಾಕಿಸಬೇಕು. ಬಿಚ್ಚಿದಾಗ ಒಳಗೋಡೆಯನ್ನು ಕೈಯಾಡಿಸಿ ನೋಡಲಿಕ್ಕೂ ಆಗುತ್ತದೆ. ಗಾಳಿಯಿಲ್ಲದೆ ಸ್ವಲ್ಪ ದೂರ ಓಡಿದ ಟೈರಿನೊಳಗೆ ಕರಿಹುಡಿ ಉದುರಿರುತ್ತದೆ. ಅದು ಕಂಡರೆ ಪ್ಯಾಚಿನ ಮಾತೇ ಬೇಡ.

ನಮ್ಮ ಕಾಯಂ ಪಂಕ್ಚರ್ ಅಂಗಡಿಯ ಮಲಯಾಳಿ ಹೇಳಿಕೊಟ್ಟದ್ದು ಒಂದಿದೆ, ಬೇರೆ ಯಾರೂ ಹೇಳಿರಲಿಲ್ಲ. ಟ್ಯೂಬ್‌ಲೆಸ್ ರಿಮ್ಮಿಗೆ ಒತ್ತಿ ಕೂರಿಸುವ ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್ಐವರೆಗೆ ಮಾತ್ರ. ನಾನು ತಣ್ಣಗೆ 60 ಹಾಕುವವನು, ಮಿತಿಯ ಅಂಚಿನಲ್ಲೇ ನಿಂತಿದ್ದೆ. ಟೈರು ಬದಲಿಸುವಾಗ ಅವನು ಲೋಹದ ವಾಲ್ವ್ ಹಾಕಿಸಿದ, ನಟ್ಟು ಬಿಗಿಯುವಂಥದ್ದು. ಹೊಸ ಟೈರಿಗೆ ಹಳೆಯ ರಬ್ಬರ್ ವಾಲ್ವನ್ನೇ ಉಳಿಸಿ ಹಣ ಉಳಿತಾಯ ಮಾಡುವವರು ಇದ್ದಾರೆ. ಸಾವಿರಗಟ್ಟಲೆ ಕೊಟ್ಟ ಟೈರಿನ ಗಾಳಿಯೆಲ್ಲ ಆ ಬೆರಳುದ್ದದ ರಬ್ಬರಿನ ಹಿಡಿತದಲ್ಲಿರುತ್ತದೆ.

ವಯಸ್ಸೂ ನೋಡಬೇಕು. ಪಕ್ಕೆಯಲ್ಲಿ ಡಿಒಟಿ ಅಕ್ಷರಗಳ ಕೊನೆಗೆ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಬೆಲೆಗೆ ಕೊಡುವ ‘ಹೊಸ’ ಟೈರು ಮೂರು ವರ್ಷ ಗೋದಾಮಿನಲ್ಲಿ ಕೂತದ್ದಿರಬಹುದು, ಬೆಲೆ ಮಾತಾಡುವ ಮೊದಲು ಈ ಅಂಕಿ ನೋಡಿ. ಐದು ವರ್ಷ ದಾಟಿದ್ದನ್ನು ವರ್ಷವರ್ಷ ಬಿಚ್ಚಿ ಪರೀಕ್ಷಿಸಬೇಕು, ಹತ್ತು ವರ್ಷದ್ದನ್ನು ಗೀರು ಎಷ್ಟೇ ಇರಲಿ ತೆಗೆಯಬೇಕು ಅಂತ ಕಂಪನಿಗಳೇ ಹೇಳುತ್ತವೆ. ಸ್ಟೆಪ್ನಿಗೂ ಇದು ಅನ್ವಯ. ಗಾಡಿಯ ಹೊಟ್ಟೆಯಡಿ ತೂಗುತ್ತ ಕೆಸರು ಕುಡಿಯುವ ಸ್ಟೆಪ್ನಿಯನ್ನು ಬೇಕಾದಾಗ ಇಳಿಸಿದರೆ ಅದರಲ್ಲಿ ಗಾಳಿಯೇ ಇರುವುದಿಲ್ಲ.

ನೈಟ್ರೋಜನ್? ಹಾಕಿಸಿಕೊಳ್ಳುವವರು ಹಾಕಿಸಿಕೊಳ್ಳಲಿ. ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇಕಡಾ 78 ಇದೆ. ತೇವ ಇರುವುದಿಲ್ಲ, ಸೋರುವುದು ತುಸು ನಿಧಾನ, ನಿಜ. ಬಿಸಿಗೆ ಹಿಗ್ಗುವುದೇ ಇಲ್ಲ ಅನ್ನುವುದು ಮಾತ್ರ ಸುಳ್ಳು. ಅದಿದೆ ಅಂತ ತಿಂಗಳುಗಟ್ಟಲೆ ಮೀಟರ್ ಹಿಡಿಯದವರಿಗಿಂತ ಪಂಪಿನ ಬಿಟ್ಟಿ ಗಾಳಿಯನ್ನು ವಾರಕ್ಕೊಮ್ಮೆ ನೋಡುವವರೇ ಮೇಲು.

ನೋಡುವುದಕ್ಕೆ ನಿಮ್ಮದೇ ಒಂದು ಮೀಟರ್ ಇಟ್ಟುಕೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಪಂಪುಗಳ ಮೀಟರು ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ಬೆಳಗ್ಗೆ ಕಲ್ಯಾಣ್ ರಸ್ತೆಯ ಎರಡು ಪಂಪಿನಲ್ಲಿ ನಾಲ್ಕು ಪಿಎಸ್ಐ ವ್ಯತ್ಯಾಸ ಕಂಡದ್ದುಂಟು. ಗಾಡಿ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಬಿಸಿಲು ಒಂದು ಬದಿಗೆ ಬಿದ್ದಿರಬಾರದು. ನಾನು ಬೆಳಗ್ಗೆ ಮೊದಲ ಟ್ರಿಪ್ಪಿಗೂ ಮುಂಚೆ ಕಟ್ಟಡದ ಕೆಳಗೇ ನೋಡುತ್ತೇನೆ. ಲೋಣಾವಳದ ಡಿಸೆಂಬರ್ ಚಳಿಯಲ್ಲಿ ರಾತ್ರಿ ನಿಂತ ಗಾಡಿ ಮುಂಬಯಿಗಿಂತ ಎರಡು ಮೂರು ಕಡಿಮೆ ತೋರಿಸಿದರೆ ಗಾಬರಿ ಬೇಡ. ಐದಾರು ಡಿಗ್ರಿಗೆ ಒಂದು ಪಿಎಸ್ಐ ಏರಿಳಿಯುತ್ತದೆ, ಹೆಚ್ಚು ಒತ್ತಡದ ಟೈರಿನಲ್ಲಿ ತುಸು ಜಾಸ್ತಿ. ಖಾಲಿ ಓಡುವ ವಾರದಲ್ಲಿ ಹಿಂದಿನದನ್ನು ಪಟ್ಟಿಯ ಖಾಲಿ ಅಂಕಿಗೆ ಇಳಿಸಿ, ಶುಕ್ರವಾರ ಮತ್ತೆ ಏರಿಸುತ್ತೇನೆ. ಇದು ಕಿರಿಕಿರಿಯ ಕೆಲಸ, ಒಪ್ಪುತ್ತೇನೆ. ಇಳಿಸದಿದ್ದರೆ ಖಾಲಿ ಗಾಡಿ ಹಿಂದೆ ಕುಣಿಯುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವುದಿಲ್ಲ, ಟೈರಿನ ನಡುಭಾಗ ಮಾತ್ರ ಸವೆಯುತ್ತದೆ. ಅಷ್ಟು ಪುರಸೊತ್ತಿಲ್ಲದವರು ಹೆಚ್ಚಿನ ಅಂಕಿಯಲ್ಲೇ ಬಿಡಲಿ, ಎರಡರಲ್ಲಿ ಅದು ಕಡಿಮೆ ಕೆಟ್ಟದ್ದು.

ಈ ವರ್ಷ ವಾಲ್ವಿನ ತುದಿಗೆ ತಿರುಗಿಸುವ ಸೆನ್ಸರ್‌ಗಳನ್ನು ಹಾಕಿಸಿದೆ, ಡ್ಯಾಶ್‌ಬೋರ್ಡ್ ಮೇಲೆ ಅಂಕಿ ಬರುತ್ತದೆ. ಲೋಹದ ವಾಲ್ವ್ ಇದ್ದದ್ದು ಒಳ್ಳೆಯದಾಯಿತು, ಸೆನ್ಸರಿನ ತೂಕಕ್ಕೆ ರಬ್ಬರಿನದು ಬುಡದಲ್ಲಿ ಬಿರಿಯುತ್ತದೆ. ಕೆಳಗಿನ ಎಚ್ಚರಿಕೆಯನ್ನು ಹಿಂದಿನ ಚಕ್ರಗಳಿಗೆ 52ಕ್ಕೆ, ಮೇಲಿನದನ್ನು 75ಕ್ಕೆ ಇಟ್ಟೆ. ಮೊದಲ ಶನಿವಾರವೇ ಘಾಟಿಯ ಮೇಲಿಂದ ಡ್ರೈವರಿನ ಫೋನು.

“ಸಾಹೇಬ್ರ, ಅರವತ್ತು ಇದ್ದದ್ದು ಅರವತ್ತೇಳು ತೋರಸ್ತೈತಿ. ಬಿಡ್ಲೇನ್ರಿ?”

“ಬಿಡಬೇಡ.”

“ನನಗ ಗೊತ್ತೈತ್ರಿ. ಭಾಗವತರು ಕೇಳಾಕತ್ತಾರ, ಅದಕ್ಕ ನಿಮ್ಮ ಬಾಯಿಂದ ಕೇಳಸಿದೆ.”

ಫೋನಿಡುವ ಮೊದಲು ಅವನದೊಂದು ತಕರಾರು: ಸ್ಟೆಪ್ನಿಗೆ ಯಾಕೆ ಸೆನ್ಸರ್ ಇಲ್ಲ? ನಾನು ತಂದದ್ದು ನಾಲ್ಕರ ಸೆಟ್ಟು. ಐದರದ್ದಕ್ಕೆ ರೇಟು ಬೇರೆ.